ಎತ್ತರಿಸುವವರೇ, ಟ್ರ್ಯಾಕ್ ಬಾರ್ ಎಲ್ಲಿ?

ಜೀಪು ಎತ್ತರಿಸುವ ಹುಚ್ಚು ಈಗ ಮಲೆನಾಡಿನ ಸಣ್ಣಪುಟ್ಟ ಊರುಗಳಿಗೂ ಹಬ್ಬಿದೆ. ಕಾರ್ಖಾನೆಯಿಂದ ಬಂದ ಹಾಗೆಯೇ ಗಾಡಿ ಇಟ್ಟುಕೊಳ್ಳುವುದೆಂದರೆ ನಮ್ಮ ಹುಡುಗರಿಗೆ ಅವಮಾನ. ಉದ್ದದ ಸ್ಪ್ರಿಂಗ್ ಹಾಕಿ ಎರಡು ಇಂಚಾದರೂ ಏರಿಸಬೇಕು, ಕೆಳಗೆ ದಪ್ಪ ಟೈರು ತುರುಕಬೇಕು, ನೆತ್ತಿಯ ಮೇಲೆ ಸಾಲುದೀಪ ಕಟ್ಟಬೇಕು, ಮುಂದಕ್ಕೆ ಗೂಳಿಯ ಕೊಂಬಿನಂಥ ಕಬ್ಬಿಣದ ಬಂಪರು ಸಿಕ್ಕಿಸಬೇಕು. ಇಷ್ಟಕ್ಕೂ ಮನೆಯಲ್ಲಿ ದುಡ್ಡು ಹುಟ್ಟುತ್ತದೆ. ಆದರೆ ಮುಂದಿನ ಆಕ್ಸಲ್ಲನ್ನು ಗಾಡಿಯ ನಡುಮಧ್ಯಕ್ಕೆ ಹಿಡಿದು ನಿಲ್ಲಿಸುವ ಸರಳೊಂದಿದೆಯಲ್ಲ, ಎತ್ತರ ಬದಲಾದಾಗ ಅದನ್ನೂ ನೋಡಬೇಕಲ್ಲವೇ ಎಂದು ಕೇಳಿದರೆ ‘ಅದೆಲ್ಲ ಬೇಕಾಗಲ್ಲ ಬಿಡಿ’ ಎಂಬ ಉತ್ತರ ಬರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಹೆಂಗಸಿಗೆ ಜೀಪಿನ ಹೊಟ್ಟೆಯ ಕೆಳಗೇನು ಕೆಲಸ ಎಂದು ಕೆಲವರು ಮೂಗು ಮುರಿಯಬಹುದು. ಕೆಲಸವಿದೆ. ಆ ಗಾಡಿಯಲ್ಲಿ ಕುಳಿತುಕೊಳ್ಳುವವರು ನಾವು. ಶಾಲೆಗೆ, ಆಸ್ಪತ್ರೆಗೆ, ಮದುವೆ ಮನೆಗೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಘಟ್ಟ ಇಳಿಯುವವರು ನಾವು. ಈಚೆಗೆ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಸ್ಟೀರಿಂಗನ್ನೂ ಹಿಡಿದಿದ್ದಾರೆ. ಗಾಡಿಯ ಮೇಲಿನ ಬಣ್ಣ ಆರಿಸುವಾಗ ನಮ್ಮ ಅಭಿಪ್ರಾಯ ಕೇಳುವ ಗಂಡಸರು, ಗಾಡಿಯ ಕೆಳಗಿನ ಮಾತು ಬಂದಾಗ ನಮ್ಮನ್ನು ಕಾಫಿ ತರಲು ಕಳುಹಿಸುವುದು ಯಾವ ನ್ಯಾಯ?

ಮೊದಲು ಆ ಸರಳೆಂದರೇನು ಎಂದು ಹೇಳಿಬಿಡುತ್ತೇನೆ. ಹಳೆಯ ವಿಲ್ಲೀಸ್ ಜೀಪು, ಮಹೀಂದ್ರ ಜೀಪು, ಮಾರುತಿ ಜಿಪ್ಸಿ ಇವುಗಳಿಗೆಲ್ಲ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಲೀಫ್ ಸ್ಪ್ರಿಂಗು. ಆ ಪಟ್ಟಿಗಳು ಗಾಡಿಯ ಭಾರವನ್ನೂ ಹೊರುತ್ತವೆ, ಆಕ್ಸಲ್ಲು ಅತ್ತಿತ್ತ ಜರುಗದಂತೆಯೂ ಹಿಡಿಯುತ್ತವೆ. ಸುರುಳಿ ಸ್ಪ್ರಿಂಗಿನ ಸಂಗತಿ ಬೇರೆ. ಅದು ಭಾರ ಹೊರುತ್ತದೆಯೇ ಹೊರತು ಆಕ್ಸಲ್ಲನ್ನು ಪಕ್ಕಕ್ಕೆ ಹೋಗದಂತೆ ತಡೆಯುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಮುಂದೆ ಇಡೀ ಆಕ್ಸಲ್ಲೂ ಸುರುಳಿ ಸ್ಪ್ರಿಂಗೂ ಇರುವ ಗಾಡಿಯಲ್ಲಿ ಅಡ್ಡಡ್ಡಲಾಗಿ ಒಂದು ಸರಳು ಕೊಟ್ಟಿರುತ್ತಾರೆ. ಅದರ ಒಂದು ತುದಿ ಗಾಡಿಯ ಚಾಸಿಗೆ, ಇನ್ನೊಂದು ತುದಿ ಎದುರು ಬದಿಯಲ್ಲಿ ಆಕ್ಸಲ್ಲಿಗೆ. ಇದೇ ಟ್ರ್ಯಾಕ್ ಬಾರ್. ಫ್ರಾನ್ಸಿನ ಪ್ಯಾನ್‌ಹಾರ್ಡ್ ಎಂಬ ಹಳೆಯ ಕಾರು ಕಂಪನಿಯ ಹೆಸರಿನಿಂದ ಇದನ್ನು ಪ್ಯಾನ್‌ಹಾರ್ಡ್ ರಾಡ್ ಎಂದೂ ಕರೆಯುತ್ತಾರೆ. ಲ್ಯಾಟರಲ್ ರಾಡ್ ಎಂದರೂ ಇದೇ. ಎತ್ತಿನ ಗಾಡಿಯ ಕಡಾಣಿಯನ್ನು ನೆನಪು ಮಾಡಿಕೊಳ್ಳಿ. ಅದಕ್ಕೆ ಯಾರೂ ಬಣ್ಣ ಬಳಿಯುವುದಿಲ್ಲ, ಗೆಜ್ಜೆ ಕಟ್ಟುವುದಿಲ್ಲ. ಅದು ಕಳಚಿದ ದಿನ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ.

ಎಲ್ಲ ಗಾಡಿಗೂ ಮುಂದೆ ಈ ಸರಳು ಇರುವುದಿಲ್ಲ ಎಂಬುದನ್ನು ಗಮನಿಸಿ. 2020ರಲ್ಲಿ ಬಂದ ಹೊಸ ಥಾರ್‌ಗೆ ಮುಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಆಡುವ ವ್ಯವಸ್ಥೆಯಿದೆ. ಅಲ್ಲಿ ಮುಂದಿನ ಟ್ರ್ಯಾಕ್ ಬಾರಿನ ಪ್ರಶ್ನೆಯೇ ಇಲ್ಲ. ಜೀಪ್ ಕಂಪನಿಯ ರ‍್ಯಾಂಗ್ಲರ್‌ಗೆ ಇದೆ. 2023ರ ಜೂನ್‌ನಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿಗೆ ಇದೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಈ ಜಿಮ್ನಿಯೇ ಆದ್ದರಿಂದ ನನ್ನ ಜಗಳವೂ ಅದನ್ನು ಎತ್ತರಿಸುವವರ ಜೊತೆಗೇ.

ಈಗ ಎತ್ತರಿಸಿದರೆ ಏನಾಗುತ್ತದೆ ನೋಡೋಣ. ಸರಳಿನ ಉದ್ದ ಬದಲಾಗುವುದಿಲ್ಲ, ಚಾಸಿ ಮಾತ್ರ ಮೇಲೆ ಹೋಗುತ್ತದೆ. ಮಲಗಿದಂತಿದ್ದ ಸರಳು ಓರೆಯಾಗಿ ನಿಲ್ಲುತ್ತದೆ. ಗೋಡೆಗೆ ಒರಗಿಸಿದ ಏಣಿಯ ತಲೆಯನ್ನು ಮೇಲಕ್ಕೆ ಎತ್ತಿದರೆ ಬುಡ ಗೋಡೆಯ ಕಡೆಗೆ ಸರಿಯಬೇಕು ತಾನೇ? ಹಾಗೆಯೇ ಆಕ್ಸಲ್ಲೂ ಚಾಸಿಯ ತುದಿಯಿರುವ ಬದಿಗೆ ಸರಿಯುತ್ತದೆ. ಆ ಬದಿಯ ಚಕ್ರ ಹೊರಗೆ ಇಣುಕುತ್ತದೆ, ಇನ್ನೊಂದು ಬದಿಯದು ಒಳಗೆ ಸೇರಿಕೊಳ್ಳುತ್ತದೆ.

ಎಷ್ಟು ಸರಿಯುತ್ತದೆ? ನಮ್ಮ ಶಾಲೆಯ ಗಣಿತದ ಮೇಷ್ಟರ ಹತ್ತಿರ ಕುಳಿತು ಪೈಥಾಗೊರಸನ ಪ್ರಮೇಯದಿಂದ ಲೆಕ್ಕ ಹಾಕಿಸಿದೆ. ಉದಾಹರಣೆಗೆ ಸರಳು 80 ಸೆಂಟಿಮೀಟರ್ ಉದ್ದವಿದೆ, ಅದರ ಎರಡು ತುದಿಗಳಿಗೆ 10 ಸೆಂಟಿಮೀಟರ್ ಎತ್ತರದ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಿ. ಗಾಡಿಯನ್ನು 5 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಎರಡು ಇಂಚು ಎತ್ತರಿಸಿದರೆ ಆಕ್ಸಲ್ಲು ಸುಮಾರು 8 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಮೂರು ಇಂಚು ಎತ್ತರಿಸಿದರೆ 13 ಮಿಲಿಮೀಟರ್. ಅಷ್ಟೇ ಅಲ್ಲ. ಮೊದಲು ಚಕ್ರ ಒಂದು ಉಬ್ಬು ಹತ್ತಿ 5 ಸೆಂಟಿಮೀಟರ್ ಮೇಲೆ ಬಂದಾಗ ಆಕ್ಸಲ್ಲು ಪಕ್ಕಕ್ಕೆ 5 ಮಿಲಿಮೀಟರ್ ಆಡುತ್ತಿತ್ತು; ಎರಡು ಇಂಚು ಎತ್ತರಿಸಿದ ಮೇಲೆ ಅದೇ ಉಬ್ಬಿಗೆ 8 ಮಿಲಿಮೀಟರ್ ಆಡುತ್ತದೆ. ಓರೆ ಹೆಚ್ಚಿದಷ್ಟೂ ಈ ಪಕ್ಕದ ಆಟ ಹೆಚ್ಚು. ನಿಮ್ಮ ಗಾಡಿಯ ಅಳತೆ ಬೇರೆ ಇದ್ದೀತು, ಲೆಕ್ಕದ ದಾರಿ ಇದೇ.

‘ಎಂಟು ಮಿಲಿಮೀಟರ್‌ಗೆ ಇಷ್ಟು ರಂಪವೇ ಮೇಡಂ?’ ಎಂದು ನಗುವವರಿದ್ದಾರೆ. ಅವರ ಮಾತಿನಲ್ಲೂ ಸತ್ಯವಿದೆ, ಒಪ್ಪುತ್ತೇನೆ. ಎಂಟು ಮಿಲಿಮೀಟರ್ ಸರಿದ ಮಾತ್ರಕ್ಕೆ ಗಾಡಿ ಹಳ್ಳಕ್ಕೆ ಬೀಳುವುದಿಲ್ಲ. ಒಂದೇ ಇಂಚು ಏರಿಸಿ ಹಳೆಯ ಸರಳಿನಲ್ಲೇ ವರ್ಷಗಟ್ಟಲೆ ಓಡಿಸುವವರೂ ಇದ್ದಾರೆ. ನನ್ನ ತಕರಾರು ಆ ಎಂಟು ಮಿಲಿಮೀಟರಿನ ಮೇಲಲ್ಲ. ಅದನ್ನು ಅಳೆಯದೆ, ಹೇಳದೆ, ಆಮೇಲೆ ಅದನ್ನು ಮುಚ್ಚಲು ಒಂದರ ಮೇಲೊಂದು ತೇಪೆ ಹಾಕುತ್ತ ದುಡ್ಡು ಕೀಳುತ್ತಾರಲ್ಲ, ಆ ಪದ್ಧತಿಯ ಮೇಲೆ.

ನನ್ನ ತಮ್ಮನ ಮಗನ ಜಿಮ್ನಿಗೆ ಆದದ್ದು ಇದೇ. ಎರಡು ಇಂಚು ಎತ್ತರಿಸಿಕೊಂಡು ಬಂದ. ಒಂದು ಬದಿಯ ಚಕ್ರ ಹೊರಗೆ ಇಣುಕುವುದು ಬರಿಗಣ್ಣಿಗೇ ಕಾಣುತ್ತಿತ್ತು. ಕೇಳಿದಾಗ ಅಂಗಡಿಯವನು ಆಕ್ಸಲ್ಲಿನ ಮೇಲೆ ಒಂದು ಬ್ರ್ಯಾಕೆಟ್ ಇಟ್ಟು ಸರಳಿನ ಆ ತುದಿಯನ್ನು ಎತ್ತಿದ. ಚಕ್ರವೇನೋ ಮಧ್ಯಕ್ಕೆ ಬಂತು. ಆದರೆ ರಸ್ತೆಯ ಉಬ್ಬು ಹತ್ತಿದಾಗಲೆಲ್ಲ ಸ್ಟೀರಿಂಗು ತಾನಾಗಿಯೇ ಕೈಯಲ್ಲಿ ತಿರುಗತೊಡಗಿತು. ಅದಕ್ಕೆ ಅಂಗಡಿಯವನ ಮದ್ದು: ದಪ್ಪನೆಯ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ. ಆ ಗಾಡಿಯಲ್ಲಿ ದಿನಾ ಬೆಳಿಗ್ಗೆ ಎರಡು ಮಕ್ಕಳನ್ನು ಕೂರಿಸಿಕೊಂಡು ತೋಟದಿಂದ ಪೇಟೆಯ ಶಾಲೆಗೆ ಹೋಗುವವಳು ನನ್ನ ತಮ್ಮನ ಸೊಸೆ. ‘ಅತ್ತೆ, ನಿಮಗೆ ಇದೆಲ್ಲ ಗೊತ್ತಾಗಲ್ಲ’ ಎಂದ ಹುಡುಗನಿಗೆ, ‘ಗೊತ್ತಾಗುವ ಹಾಗೆ ಹೇಳೋಕೆ ನಿನಗೂ ಬರಲ್ಲ ಕಣೋ’ ಎಂದು ನಾನೇ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಪ್ರಶ್ನೆ ಕೇಳಿಸಿಕೊಂಡು, ‘ಸಾರ್ ಬರಲಿ ಮೇಡಂ, ಅವರ ಹತ್ತಿರ ಮಾತಾಡ್ತೀನಿ’ ಎಂದ. ಯಾವ ಸಾರ್ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಅಲ್ಲಿ ನಡೆದದ್ದೇನು ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಸ್ಟೀರಿಂಗ್ ಪೆಟ್ಟಿಗೆಯಿಂದ ಚಕ್ರದ ಕಡೆಗೆ ಡ್ರ್ಯಾಗ್ ಲಿಂಕ್ ಎಂಬ ಇನ್ನೊಂದು ಸರಳು ಹೋಗುತ್ತದೆ. ಗಾಡಿ ಮಾಡಿದವರು ಈ ಡ್ರ್ಯಾಗ್ ಲಿಂಕನ್ನೂ ಟ್ರ್ಯಾಕ್ ಬಾರನ್ನೂ ಸುಮಾರಾಗಿ ಒಂದೇ ಓರೆಯಲ್ಲಿ ಇಟ್ಟಿರುತ್ತಾರೆ, ಕೋಲಾಟದಲ್ಲಿ ಜೊತೆಗಾರರು ಒಟ್ಟಿಗೆ ಹೆಜ್ಜೆ ಹಾಕುವ ಹಾಗೆ. ಆಕ್ಸಲ್ಲು ಪಕ್ಕಕ್ಕೆ ಸರಿದಾಗ ಎರಡೂ ಒಟ್ಟಿಗೆ ಸರಿಯುತ್ತವೆ, ಸ್ಟೀರಿಂಗಿಗೆ ಸುದ್ದಿಯೇ ಮುಟ್ಟುವುದಿಲ್ಲ. ಒಂದನ್ನು ಮಾತ್ರ ಎತ್ತಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಹೆಜ್ಜೆ ತಪ್ಪುತ್ತದೆ. ಪ್ರತಿ ಉಬ್ಬಿಗೂ ಒಂದು ಸರಳು ಒಂದು ಕಡೆ ಎಳೆದರೆ ಇನ್ನೊಂದು ಬೇರೆ ಕಡೆ ಎಳೆಯುತ್ತದೆ, ಚಕ್ರ ತಿರುಗುತ್ತದೆ. ಬ್ರ್ಯಾಕೆಟ್ ಕೆಟ್ಟ ವಸ್ತುವಲ್ಲ. ಅದನ್ನು ಹಾಕುವುದಾದರೆ ಡ್ರ್ಯಾಗ್ ಲಿಂಕಿನ ಓರೆಯನ್ನೂ ಅಷ್ಟೇ ತಿದ್ದಬೇಕು. ಅದು ಆಗದಿದ್ದರೆ, ಎರಡು ಇಂಚಿನಷ್ಟು ಏರಿಸಿದವರಿಗೆ ಓರೆಯನ್ನು ಮುಟ್ಟದೆ ಉದ್ದವನ್ನು ಮಾತ್ರ ಹೆಚ್ಚು ಕಡಿಮೆ ಮಾಡಬಹುದಾದ ಟ್ರ್ಯಾಕ್ ಬಾರೇ ಒಳ್ಳೆಯದು. ಅದು ಆಕ್ಸಲ್ಲನ್ನು ಮಧ್ಯಕ್ಕೆ ತರುತ್ತದೆ, ಜೊತೆಗಾರನ ಹೆಜ್ಜೆಯನ್ನೂ ಕೆಡಿಸುವುದಿಲ್ಲ. ಉಬ್ಬಿನಲ್ಲಿ ಪಕ್ಕಕ್ಕೆ ಆಡುವುದನ್ನು ಮಾತ್ರ ಅದು ಕಡಿಮೆ ಮಾಡಲಾರದು. ಅದು ಎತ್ತರಕ್ಕೆ ತೆರುವ ಬೆಲೆ. ಬೇಡವೆಂದರೆ ಎತ್ತರವನ್ನೇ ಕಡಿಮೆ ಮಾಡಿ.

ಡ್ಯಾಂಪರಿನ ವಿಷಯದಲ್ಲಂತೂ ನನಗೆ ಸಿಟ್ಟೇ ಬರುತ್ತದೆ. ಟೈಫಾಯ್ಡಿಗೆ ಜ್ವರದ ಮಾತ್ರೆ ನುಂಗಿಸಿ ಮಗುವನ್ನು ಶಾಲೆಗೆ ಕಳುಹಿಸಿದ ಹಾಗೆ ಅದು. ಎತ್ತರಿಸಿದ ಗಾಡಿಗಳ ಮುಂಚಕ್ರ ಕೆಲವೊಮ್ಮೆ ವೇಗದಲ್ಲಿ ಹುಚ್ಚು ಹಿಡಿದಂತೆ ಅದುರುವುದುಂಟು. ಸವೆದ ಬುಷ್, ಸಡಿಲವಾದ ಬೋಲ್ಟು, ಅಗಲವಾದ ಬೋಲ್ಟಿನ ತೂತು, ಟೈರಿನ ಬ್ಯಾಲೆನ್ಸು, ಸವೆದ ಸ್ಟೀರಿಂಗ್ ಕೀಲು, ಹೀಗೆ ಕಾರಣ ಹಲವಿರಬಹುದು. ಡ್ಯಾಂಪರು ಆ ಅದುರನ್ನು ಸ್ವಲ್ಪ ದಿನ ಅಡಗಿಸಿಡುತ್ತದೆ, ಕಾರಣವನ್ನು ಮುಟ್ಟುವುದಿಲ್ಲ. ಮೊದಲು ಕಾರಣ ಹುಡುಕು, ಆಮೇಲೆ ಡ್ಯಾಂಪರ್ ಮಾರು ಎಂದು ಹೇಳುವ ಧೈರ್ಯ ನಮಗಿರಬೇಕು.

ಹಾಗಾದರೆ ಯಾವ ಸರಳು ಕೊಳ್ಳಬೇಕು? ಪಾತ್ರೆ ಅಂಗಡಿಯಲ್ಲಿ ಕುಕ್ಕರನ್ನು ಮಗುಚಿ ನೋಡಿ, ಮುಚ್ಚಳ ಹಾಕಿ ತೆಗೆದು, ಹತ್ತು ಪ್ರಶ್ನೆ ಕೇಳಿ ಕೊಳ್ಳುವವರು ನಾವು. ಇಲ್ಲೂ ಹಾಗೆಯೇ ಕೇಳಬೇಕು. ಮೊದಲನೆಯದು, ಇದು ನಮ್ಮ ಗಾಡಿಗೇ ಮಾಡಿದ್ದೇ? ಜಿಮ್ನಿ ಎಂಬ ಹೆಸರಿನಲ್ಲಿ ಬೇರೆ ಬೇರೆ ಕಾಲದ ಬೇರೆ ಬೇರೆ ಗಾಡಿಗಳು ಹೊರದೇಶಗಳಲ್ಲಿ ಓಡುತ್ತಿವೆ. ಎಡಗಡೆ ಸ್ಟೀರಿಂಗ್ ಇರುವ ದೇಶಕ್ಕೆಂದು ಮಾಡಿದ ಮುಂದಿನ ಸರಳನ್ನು ನಮ್ಮ ಬಲಗಡೆ ಸ್ಟೀರಿಂಗಿನ ಗಾಡಿಗೆ ಹಾಕುತ್ತಿಲ್ಲವಷ್ಟೇ? ಎರಡನೆಯದು, ಉದ್ದ ತಿದ್ದುವ ಬಗೆ. ಕೆಲವಕ್ಕೆ ಒಂದೇ ತುದಿಯಲ್ಲಿ ಮರೆ ಇರುತ್ತದೆ; ತಿದ್ದಬೇಕಾದಾಗಲೆಲ್ಲ ಒಂದು ತುದಿ ಬಿಚ್ಚಬೇಕು. ಕೆಲವಕ್ಕೆ ಒಂದು ಕಡೆ ಬಲಮರೆ, ಇನ್ನೊಂದು ಕಡೆ ಎಡಮರೆ. ಗಾಡಿಯಲ್ಲಿದ್ದ ಹಾಗೆಯೇ ತಿರುಗಿಸಿ ತಿದ್ದಬಹುದು. ಎರಡೂ ನಡೆಯುತ್ತವೆ. ಆದರೆ ತಿದ್ದಿದ ಮೇಲೆ ಬಿಗಿಯುವ ಲಾಕ್ ನಟ್ಟು ಗಟ್ಟಿಯಾಗಿರಬೇಕು, ಒಳಗೆ ಸಾಕಷ್ಟು ಮರೆ ಕಚ್ಚಿಕೊಂಡಿರಬೇಕು.

ಮೂರನೆಯದು, ತುದಿಯ ಬುಷ್. ಇದು ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ, ಸಣ್ಣ ವಸ್ತು, ಎಲ್ಲವೂ ನಿಂತಿರುವುದು ಅದರ ಮೇಲೆ. ರಬ್ಬರಿನದು ಸದ್ದು ಮಾಡುವುದಿಲ್ಲ, ಅದುರನ್ನು ನುಂಗುತ್ತದೆ, ದಿನಬಳಕೆಗೆ ಹಿತ. ಪಾಲಿಯುರೆಥೇನ್ ಎಂಬುದು ಅದಕ್ಕಿಂತ ಬಿಗಿ. ಸ್ಟೀರಿಂಗ್ ಚುರುಕಾಗುತ್ತದೆ, ಆದರೆ ಗ್ರೀಸ್ ಕಾಣದಿದ್ದರೆ ಕೀರಲು ದನಿ ತೆಗೆಯುತ್ತದೆ, ಚಕ್ರ ಬಹಳ ಮೇಲೆ ಕೆಳಗೆ ಆಡುವ ಕಡೆ ಸರಳನ್ನು ಸಲೀಸಾಗಿ ತಿರುಗಗೊಡುವುದಿಲ್ಲ. ಮೂರನೆಯ ಬಗೆ ಕಬ್ಬಿಣದ ಗುಂಡು ಕೀಲು. ಪಂದ್ಯಕ್ಕೆ ಹೋಗುವವರಿಗೆ ಅದೇ ಪ್ರೀತಿ. ನಮ್ಮ ಮಳೆಗಾಲದ ಕೆಸರಿನಲ್ಲಿ, ದಿನಾ ಶಾಲೆಗೆ ಓಡುವ ಗಾಡಿಯಲ್ಲಿ ಅದು ಬೇಗ ಸವೆದು ಕಟಕಟ ಎನ್ನುತ್ತದೆ. ಮನೆಯ ಗಾಡಿಗೆ ಒಳ್ಳೆಯ ರಬ್ಬರ್ ಬುಷ್ಷೇ ಸಾಕು ಎಂಬುದು ನನ್ನ ವಾದ. ಬದಲಿ ಬುಷ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ದಿನವೇ ಕೇಳಿ; ಗ್ಯಾಸ್ಕೆಟ್ ಸಿಗದ ಕುಕ್ಕರನ್ನು ಯಾರಾದರೂ ಕೊಳ್ಳುತ್ತಾರೆಯೇ?

ನಾಲ್ಕನೆಯದು, ಸರಳಿನ ಮೈ. ಕೆಳಗಿನ ಡಿಫರೆನ್ಷಿಯಲ್ ಗುಂಡಿಗೆ ತಾಗದಂತೆ ಇದನ್ನು ಬಾಗಿಸಿರುತ್ತಾರೆ. ಬಾಗಿದ ಕಡೆ ಬಲ ಕಡಿಮೆ, ಆದ್ದರಿಂದ ತೆಳು ಕೊಳವೆ ಆಗದು, ದಪ್ಪ ಮೈಯ ಕೊಳವೆ ಅಥವಾ ಗಟ್ಟಿ ಸರಳು ಬೇಕು. ಇಲ್ಲಿಯೇ ನಮ್ಮೂರಿನ ಜಾಣರು ಇನ್ನೊಂದು ಉಪಾಯ ಹೇಳುತ್ತಾರೆ: ‘ಹಳೇ ಸರಳನ್ನೇ ಕತ್ತರಿಸಿ ನಡುವೆ ತುಂಡು ಸೇರಿಸಿ ವೆಲ್ಡಿಂಗ್ ಮಾಡಿಸಿದರಾಯಿತು, ಅರ್ಧ ದುಡ್ಡು ಉಳಿಯುತ್ತದೆ.’ ಕಿಟಕಿಯ ಸರಳಿಗೆ ಆ ಉಪಾಯ ಸರಿ. ತಿರುವಿನಲ್ಲಿ ಇಡೀ ಗಾಡಿಯ ಪಕ್ಕದ ಭಾರ ಹೊರುವ ಸರಳಿಗೆ, ಯಾರೂ ಪರೀಕ್ಷಿಸದ ಒಂದು ಬೆಸುಗೆಯ ಮೇಲೆ ಮಕ್ಕಳ ಜೀವ ಇಡುವುದು ಉಳಿತಾಯವಲ್ಲ.

ಒಳ್ಳೆಯ ಸರಳು ತಂದರೂ ಜೋಡಿಸುವುದರಲ್ಲಿ ಕೆಡಿಸಬಹುದು. ಬೋಲ್ಟು ತೂತಿಗೆ ಸರಿಯಾಗಿ ಕೂರಬೇಕು, ಒಂದಿಷ್ಟೂ ಆಟ ಇರಕೂಡದು. ರಬ್ಬರ್ ಬುಷ್ಷಿನ ಬೋಲ್ಟನ್ನು ಗಾಡಿ ಜಾಕಿನ ಮೇಲೆ ತೂಗುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಚಕ್ರದ ಮೇಲೆ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ಹಿಂಡಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ಪೂರ್ತಿ ಮೇಲೆ ಬಂದಾಗ, ಪೂರ್ತಿ ಕೆಳಗೆ ಇಳಿದಾಗ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿದಾಗ ಸರಳು ಯಾವುದಕ್ಕೂ ತಾಗುವುದಿಲ್ಲವೆಂದು ನೋಡಬೇಕು. ಕೊನೆಗೆ ಸ್ಟೀರಿಂಗನ್ನು ನೆಟ್ಟಗೆ ಮಾಡಿ ಅಲೈನ್‌ಮೆಂಟ್ ನೋಡಿಸಬೇಕು. ಎತ್ತರಿಸಿದಾಗ ಕ್ಯಾಸ್ಟರ್ ಎಂಬ ಕೋನವೂ ಕಡಿಮೆಯಾಗಿ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವ ಗುಣ ತಗ್ಗುತ್ತದೆ. ಅದನ್ನು ಟ್ರ್ಯಾಕ್ ಬಾರ್ ಸರಿಮಾಡಲಾರದು, ಅದಕ್ಕೆ ಬೇರೆಯೇ ಬುಷ್ ಬೇಕು. ಒಂದೇ ಸರಳಿನಲ್ಲಿ ಎಲ್ಲ ರೋಗ ವಾಸಿ ಎನ್ನುವವನನ್ನೂ ನಂಬಬೇಡಿ.

ಇದನ್ನೆಲ್ಲ ಪರೀಕ್ಷಿಸುವುದು ಹೇಗೆ? ಎರಡು ದಾರಕ್ಕೆ ಕಲ್ಲು ಕಟ್ಟಿ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಸ್ಟೀರಿಂಗ್ ನೆಟ್ಟಗಿಟ್ಟು, ಎರಡೂ ಮಡ್‌ಗಾರ್ಡಿನಿಂದ ಸಮನಾದ ಜಾಗದಲ್ಲಿ ದಾರ ಇಳಿಬಿಟ್ಟು ಟೈರಿಗೂ ದಾರಕ್ಕೂ ಎಷ್ಟು ದೂರವೆಂದು ಅಳೆಯಿರಿ. ಎರಡೂ ಬದಿಯ ವ್ಯತ್ಯಾಸದ ಅರ್ಧದಷ್ಟು ಆಕ್ಸಲ್ಲು ಸರಿದಿದೆ ಎಂದು ಅರ್ಥ. ಎತ್ತರಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಇನ್ನೊಂದು: ಗಾಡಿ ನೆಲದ ಮೇಲೆಯೇ ಇರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಇಂಜಿನ್ ಓಡುತ್ತಿರಲಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಅತ್ತಿತ್ತ ಆಡಿಸಲಿ. ಇನ್ನೊಬ್ಬರು ಕೈ ಹಾಕದೆ, ಪಕ್ಕದಿಂದ ಬಗ್ಗಿ ಸರಳಿನ ಎರಡೂ ತುದಿ ನೋಡಲಿ. ಬೋಲ್ಟು ತೂತಿನಲ್ಲಿ ಅಲುಗಿದರೆ, ತುದಿ ಟಕ್ಕೆಂದು ಜರುಗಿದರೆ ಗಾಡಿಯನ್ನು ರಿಪೇರಿಗೆ ಬಿಡಿ. ಮಕ್ಕಳು ಆ ದಿನ ಬಸ್ಸಿನಲ್ಲಿ ಹೋಗಲಿ.

ಕಾನೂನಿನ ಮಾತನ್ನೂ ಅಂಗಡಿಯವರು ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಅಪಘಾತವಾದರೆ ವಿಮೆಯವರೂ ಪ್ರಶ್ನೆ ಎತ್ತಬಹುದು. ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ಕೇಳದೆ ಸ್ಪ್ರಿಂಗ್ ಮುಟ್ಟಬೇಡಿ ಎನ್ನುವುದೇ ನನ್ನ ಮೊದಲ ಸಲಹೆ. ಜಿಮ್ನಿಗೆ ಕಂಪನಿಯೇ ನೆಲದಿಂದ 210 ಮಿಲಿಮೀಟರ್ ಎತ್ತರ ಕೊಟ್ಟಿದೆ. ತೋಟದ ರಸ್ತೆಗೆ, ನಮ್ಮ ಮನೆಗಳ ಏರಿಗೆ ಅಷ್ಟು ಸಾಲದೇ? ಅರ್ಧಕ್ಕರ್ಧ ಜನ ಎತ್ತರಿಸುವುದು ಕಲ್ಲು ದಾಟಲಿಕ್ಕಲ್ಲ, ಪಕ್ಕದವನ ಗಾಡಿಗಿಂತ ಮೇಲೆ ಕಾಣಲಿಕ್ಕೆ.

ಇಷ್ಟು ಹೇಳಿದರೂ ಎತ್ತರಿಸುವವರು ಎತ್ತರಿಸಿಯೇ ತೀರುತ್ತಾರೆ, ಆಗಲೇ ಎತ್ತರಿಸಿರುವವರು ಇಳಿಸುವುದಿಲ್ಲ. ಅವರಿಗೆ ನನ್ನದೊಂದೇ ಮಾತು: ಸರಳಿನ ದುಡ್ಡು ಮೊದಲು ತೆಗೆದಿಡಿ, ಉಳಿದರೆ ದೀಪ, ಬಂಪರು. ನೀವು ಏರಿಸಿದರೆ ಟ್ರ್ಯಾಕ್ ಬಾರಿಗೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡದ ಅಂಗಡಿಗೆ ಒಂದು ರೂಪಾಯಿಯೂ ಹೋಗಬಾರದು.

ಆ ಪ್ರಶ್ನೆ ಕೇಳಬೇಕಾದವರು ನಾವು, ಸೋದರಿಯರೇ. ಎಷ್ಟೋ ಮನೆಗಳಲ್ಲಿ ಗಾಡಿಯ ಕಂತು ಹೆಂಡತಿಯ ಸಂಬಳದಿಂದಲೇ ಹೋಗುತ್ತದೆ, ಇಲ್ಲವೇ ಅವಳ ಬಳೆ ಅಡವಿಟ್ಟ ದುಡ್ಡಿನಿಂದ. ದುಡ್ಡು ಕೊಡುವಾಗ ಇರುವ ಹಕ್ಕು ಪ್ರಶ್ನೆ ಕೇಳುವಾಗ ಯಾಕಿರಬಾರದು? ‘ನಿಮಗೆ ಗೊತ್ತಾಗಲ್ಲ’ ಎಂದರೆ ಗೊತ್ತಾಗುವ ತನಕ ಅಲ್ಲಿಂದ ಏಳಬೇಡಿ. ಬಿಲ್ಲಿನಲ್ಲಿ ಸರಳಿನ ಹೆಸರು, ಯಾವ ಗಾಡಿಯದು, ಬುಷ್ ಯಾವುದು ಎಂದು ಬರೆಸಿಕೊಳ್ಳಿ. ನನ್ನ ತಮ್ಮನ ಸೊಸೆ ಹಾಗೆಯೇ ಬರೆಸಿಕೊಂಡು, ಬ್ರ್ಯಾಕೆಟ್ ಬಿಚ್ಚಿಸಿ, ಉದ್ದ ತಿದ್ದುವ ಸರಳು ಹಾಕಿಸಿದಳು. ಡ್ಯಾಂಪರ್ ಕೊಳ್ಳಲಿಲ್ಲ. ಈಗ ಉಬ್ಬು ಹತ್ತಿದರೂ ಸ್ಟೀರಿಂಗ್ ಅವಳ ಕೈಯಲ್ಲೇ ಇರುತ್ತದೆ. ನಿಮ್ಮ ಮನೆಯ ಮುಂದೆಯೂ ಎತ್ತರಿಸಿದ ಗಾಡಿಯಿದ್ದರೆ, ನಾಳೆ ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದಾಗ ಹಾಗೆಯೇ ಅದರ ಹೊಟ್ಟೆಯ ಕೆಳಗೂ ಒಮ್ಮೆ ಕಣ್ಣು ಹಾಯಿಸಿ.